ಗಡಿಯಾರ ಇರುವ ಕೆಲಸ, ಗಡಿಯಾರ ಇಲ್ಲದ ಕೆಲಸ

ಮನೆ ಕೆಲಸ ಹಂಚಿಕೊಳ್ಳೋಣ ಅಂತ ನಮ್ಮ ಮನೆಯ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ನಮ್ಮನೆಯವರ ಪಾಲು ಕಡಿಮೆ ಏನೂ ಇರಲಿಲ್ಲ. ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗು, ಮಕ್ಕಳ ಫೀಸು, ಎಲ್‌ಐಸಿ ಕಂತು, ಸ್ಕೂಟರ್ ಸರ್ವಿಸು, ಸಂಪು ತೊಳೆಸುವುದು, ತಿಂಗಳ ದಿನಸಿ. ನನ್ನ ಕಡೆ ತಿಂಡಿ, ಡಬ್ಬಿ, ಅಡುಗೆ, ಪಾತ್ರೆ, ಬಟ್ಟೆ. ಎಣಿಸಿದರೆ ಅವರದ್ದೇ ಎರಡು ಜಾಸ್ತಿ!

ಆದರೆ ಕರೆಂಟ್ ಬಿಲ್ಲನ್ನು ಇವತ್ತು ಬಿಟ್ಟು ನಾಳಿದ್ದು ಕಟ್ಟಬಹುದು, ಅಂಗಡಿಯಲ್ಲಿ ಕೂತು ಫೋನಿನಲ್ಲೇ ಕಟ್ಟಬಹುದು. ಮಗನ ಡಬ್ಬಿ ಮಾತ್ರ ಎಂಟಕ್ಕೆ ತುಂಬಲೇಬೇಕು. ಎಂಟೂ ಐದಾದರೆ ಆಟೋ ಹೋಗಿರುತ್ತದೆ. ಅವರ ಕೆಲಸಗಳಲ್ಲಿ ಮುಕ್ಕಾಲು ಪಾಲು ಗಡಿಯಾರ ಇಲ್ಲದವು, ನನ್ನವೆಲ್ಲ ಗಡಿಯಾರ ಇರುವವು. ಹಾಳೆ ನೋಡಿದ ಮೇಲೆ ನಾನು ಕೇಳಿದ್ದು ಒಂದೇ. ಹೊಸದಾಗಿ ಏನೂ ಮಾಡಬೇಡಿ, ನಿಮ್ಮ ಕೆಲವು ಕೆಲಸ ನನಗೆ ಕೊಡಿ, ನನ್ನ ಕೆಲವು ನೀವು ತಗೊಳ್ಳಿ.

ನಾವಿರುವುದು ದಾವಣಗೆರೆಯಲ್ಲಿ. ನಾನು ಹರಿಹರದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಎಂಟೂವರೆಗೆ ಮನೆ ಬಿಡಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡು ಉಳಿಯಿತು, ಬಸ್ಸಿಗೆ ಓಡುವುದು ತಪ್ಪಲಿಲ್ಲ. ನಮ್ಮನೆಯವರದು ಮೋಟಾರ್ ವೈಂಡಿಂಗ್ ಅಂಗಡಿ. ಷಟರ್ ಎತ್ತುವುದೇ ಹತ್ತಕ್ಕೆ. ಅಂದರೆ ಬೆಳಗಿನ ಹೊತ್ತು ಮನೆಯಲ್ಲಿ ಪುರುಸೊತ್ತು ಇರುವವರು ಅವರು. ಇಷ್ಟು ಸರಳವಾದ ಲೆಕ್ಕ ಮದುವೆಯಾಗಿ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಿಂಡಿ ಅಂದರೆ ಹೆಂಗಸರದು, ಮುಗೀತು.

ನಮ್ಮ ಮನೆ ಮಾತ್ರ ಹೀಗಲ್ಲ. ದೇಶದಲ್ಲಿ ಯಾರು ಎಷ್ಟು ಹೊತ್ತು ಏನು ಮಾಡುತ್ತಾರೆ ಅಂತ ಕೇಂದ್ರ ಸರ್ಕಾರ 2024ರಲ್ಲಿ ಸಮೀಕ್ಷೆ ಮಾಡಿಸಿತ್ತು. ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇದರಲ್ಲಿ ಒಂದು ಗಮ್ಮತ್ತಿದೆ. ಈ 88 ನಿಮಿಷ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ. ಕೈಯೇ ಹಾಕದವರು ಈ ಲೆಕ್ಕದಲ್ಲಿ ಇಲ್ಲ. ಅಪಘಾತದಲ್ಲಿ ತೀರಿಕೊಂಡ ಗೃಹಿಣಿಗೆ ಪರಿಹಾರ ನಿಗದಿ ಮಾಡುವಾಗ ಅವಳ ಮನೆಗೆಲಸಕ್ಕೂ ಬೆಲೆ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಒಳ್ಳೆಯದೇ. ಬದುಕಿರುವಾಗಿನ ಲೆಕ್ಕ ಮಾತ್ರ ಮನೆಯವರೇ ಕೂತು ಮಾಡಿಕೊಳ್ಳಬೇಕು, ಅಲ್ವಾ?

ಶುರುವಿನಲ್ಲಿ ನಮ್ಮನೆಯವರು ಭಾನುವಾರದ ಅಡುಗೆ ವಹಿಸಿಕೊಳ್ಳುತ್ತೇನೆ ಅಂದರು. ಬೇಡ ಅಂದೆ. ಭಾನುವಾರ ಪಲಾವು ಮಾಡುವ ಗಂಡಸರಿಗೆ ನಮ್ಮ ಬೀದಿಯಲ್ಲಿ ಬರಗಾಲ ಇಲ್ಲ. ಮದುವೆ ಮನೆಯಲ್ಲಿ ಸಾವಿರ ಎಲೆಗೆ ಅಡುಗೆ ಮಾಡುವವರೂ ಗಂಡಸರೇ, ವಿರಾಟನ ಮನೆಯಲ್ಲಿ ಸೌಟು ಹಿಡಿದ ಭೀಮನೂ ಗಂಡಸೇ. ಕೂಲಿಗೋ ಹೊಗಳಿಕೆಗೋ ಆದರೆ ಅಡುಗೆ ಯಾವತ್ತೂ ಗಂಡಸರ ಕೆಲಸವೇ. ಬರಗಾಲ ಇರುವುದು ಮಂಗಳವಾರ ಬೆಳಿಗ್ಗೆ ಉಪ್ಪಿಟ್ಟು ಕೆದಕುವವರಿಗೆ.

ಹಾಗಾಗಿ ತಿಂಡಿಯನ್ನು ಇಡಿಯಾಗಿ ಕೊಟ್ಟೆ. ದೋಸೆ ಹುಯ್ಯುವುದಷ್ಟೇ ಅವರದು, ಹಿಟ್ಟು ನನ್ನದು ಅಂತ ಮಾಡಿಕೊಂಡಿದ್ದರೆ ನನ್ನ ತಲೆಭಾರ ಇಳಿಯುತ್ತಲೇ ಇರಲಿಲ್ಲ. ದೋಸೆಯಲ್ಲಿ ಹುಯ್ಯುವುದು ಕೊನೆಯ ಹತ್ತು ನಿಮಿಷ. ಅದಕ್ಕೂ ಮೊದಲು ಉದ್ದಿನಬೇಳೆ ಡಬ್ಬಿ ತಳ ಕಂಡಿದೆ ಅಂತ ಗೊತ್ತಾಗಬೇಕು. ಮಧ್ಯಾಹ್ನ ನೆನೆಹಾಕುವುದು ನೆನಪಿರಬೇಕು. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಅರ್ಧ ಚಮಚ ಮೆಂತ್ಯ. ನಮ್ಮ ಕಡೆ ಎರಡು ಹಿಡಿ ಮಂಡಕ್ಕಿಯನ್ನೂ ನೆನೆಸಿ ರುಬ್ಬುವುದಕ್ಕೆ ಹಾಕುತ್ತಾರೆ. ಏಪ್ರಿಲ್ ಸೆಕೆಯಲ್ಲಿ ಸಂಜೆಯೇ ರುಬ್ಬಿದರೆ ಬೆಳಗಾಗುವುದರೊಳಗೆ ಹುಳಿ ಏರಿ, ಪಾತ್ರೆಯಿಂದ ಉಕ್ಕಿ ಕಟ್ಟೆ ಮೇಲೆ ಹರಿದಿರುತ್ತದೆ. ಆಗ ರಾತ್ರಿ ಹತ್ತರ ಮೇಲೆ ರುಬ್ಬಬೇಕು. ಡಿಸೆಂಬರ್ ಚಳಿಯಲ್ಲಿ ಸಂಜೆ ಆರಕ್ಕೇ ರುಬ್ಬಿ ಬೆಚ್ಚಗಿನ ಜಾಗ ಹುಡುಕಬೇಕು. ಕರೆಂಟ್ ಯಾವಾಗ ಹೋಗುತ್ತದೆ ಅನ್ನುವುದೂ ಗೊತ್ತಿರಬೇಕು. ಇದೆಲ್ಲ ಸೇರಿದರೆ ಒಂದು ದೋಸೆ. ಮೋಟಾರ್ ಕೆಲಸದವರಿಗೆ ಇದು ಬೇಗ ಹಿಡಿಸಿತು ಅನ್ನಬೇಕು. ಗ್ರೈಂಡರಿನ ಬೆಲ್ಟ್ ಸಡಿಲ ಆಗಿದೆ ಅಂತ ನಾನು ಎಷ್ಟೋ ಸಲ ಹೇಳಿದ್ದೆ. ರುಬ್ಬುವ ಕೆಲಸ ಅವರ ಪಾಲಿಗೆ ಬಂದ ವಾರವೇ ಹೊಸ ಬೆಲ್ಟ್ ಬಂತು.

ಕೆಲಸ ಅವರದು ಅಂದ ಮೇಲೆ ಪದ್ಧತಿಯೂ ಅವರದೇ. ನನಗೆ ಬಹಳ ಕಷ್ಟ ಆಗಿದ್ದು ಇದು. ಸಾಸಿವೆ ಡಬ್ಬಿ ಜಾಗ ಬದಲಾಯಿತು. ಇಕ್ಕಳ ಮೊಳೆಗೆ ನೇತಾಡತೊಡಗಿತು. ಉಪ್ಪಿಟ್ಟು ಮೊದಮೊದಲು ಗಂಟು ಗಂಟು. ನಾನು ಸ್ನಾನ ಮಾಡಿ, ಜಡೆ ಹಾಕಿಕೊಂಡು, ಪೇಪರು ಹಿಡಿದು ಹೊರಗೆ ಕೂರುತ್ತಿದ್ದೆ. ಒಳಗೆ ಹೋದರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

ಮಕ್ಕಳು ಅಭ್ಯಾಸ ಬಲದಿಂದ ನನ್ನ ಹತ್ತಿರವೇ ಬರುತ್ತಿದ್ದರು. "ಅಮ್ಮಾ, ತಿಂಡಿ ಏನು?" "ಅಪ್ಪನ್ನ ಕೇಳು." "ಅಮ್ಮಾ, ಚಟ್ನಿ ಖಾರ." "ಅಪ್ಪಂಗೆ ಹೇಳು." ದೂರು ನನ್ನ ಹತ್ತಿರ ಬರುವುದು ನಿಲ್ಲುವುದಕ್ಕೆ ದೋಸೆ ಕಲಿತದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಇದನ್ನು ಮಾತ್ರ ಬಿಡಬೇಡಿ. ದೂರು ಕೇಳುವವರ ಹೆಸರಿನಲ್ಲೇ ಕೆಲಸ ಉಳಿದುಬಿಡುತ್ತದೆ.

ಅತ್ತೆಯ ವಿಷಯ ಹೇಳದಿದ್ದರೆ ಆಗುವುದಿಲ್ಲ. "ನನ್ನ ಮಗ ಅಂಗಡೀಲಿ ದುಡ್ದು ಬಂದು ಇಲ್ಲೂ ಬೇಯಬೇಕಾ?" ಅಂದರು. ನಾನು ವಾದ ಮಾಡಲಿಲ್ಲ. ಅವರ ಮಗನೇ ಹೋಗಿ, "ಅವ್ವಾ, ನಿನ್ನ ಶೇಂಗಾ ಚಟ್ನಿ ಹೆಂಗೆ ಮಾಡೋದು ಹೇಳು" ಅಂತ ಕೇಳಿದರು. ಅತ್ತೆ ಸ್ಟೂಲ್ ಹಾಕಿಕೊಂಡು ಕೂತು ಹೇಳಿಕೊಟ್ಟರು. ಆಮೇಲೆ ಒಪ್ಪಿದರು ಅಂತೇನಿಲ್ಲ. ನಾದಿನಿ ಫೋನ್ ಮಾಡಿದಾಗ ಈಗಲೂ ದನಿ ತಗ್ಗಿಸಿ, "ನಿಮ್ಮಣ್ಣ ಒಲೆ ಮುಂದೆ ಅದಾನೆ" ಅನ್ನುತ್ತಾರೆ. ಜೋಳದ ರೊಟ್ಟಿ ಮಾತ್ರ ಅವರು ಯಾರಿಗೂ ಬಿಟ್ಟುಕೊಟ್ಟಿಲ್ಲ, ನಾವೂ ಕೇಳಿಲ್ಲ. ಅವರಷ್ಟು ತೆಳ್ಳಗೆ ತಟ್ಟುವುದು ನನಗೂ ಬರುವುದಿಲ್ಲ.

ಮಕ್ಕಳಿಗೆ ಕೊಟ್ಟಿದ್ದೂ ಗಡಿಯಾರ ಇರುವ ಕೆಲಸವೇ. ಡಬ್ಬಿ, ಬಾಟಲಿ ತೊಳೆಯುವುದು ಮಗನದು. ಸಂಜೆ ಬಂದ ತಕ್ಷಣ ಆಗಬೇಕು, ಇಲ್ಲದಿದ್ದರೆ ಮಾರನೇ ದಿನ ಅವನ ಡಬ್ಬಿಯೇ ವಾಸನೆ. ನಲ್ಲಿ ನೀರು ಬಂದ ದಿನ ಸಂಪು ನೋಡಿ, ಮೋಟಾರ್ ಹಾಕಿ, ಟ್ಯಾಂಕ್ ತುಂಬಿದ ಕೂಡಲೇ ಆರಿಸುವುದು ಮಗಳದು. ಮೋಟಾರ್ ಗುರುಗುಟ್ಟಿದರೆ ಗಾಳಿ ಹಿಡಿದಿದೆ ಅಂತ ಅವಳಿಗೆ ಗೊತ್ತಾಗುತ್ತದೆ. ಬಟ್ಟೆ ಮಡಚುವುದು ಇಬ್ಬರದೂ, ಅದಕ್ಕೆ ಜಗಳವೂ ಇಬ್ಬರದೇ.

ನನ್ನ ಪಾಲಿಗೆ ಬಂದಿದ್ದು ಎಲ್‌ಐಸಿ, ಫೀಸು, ಸ್ಕೂಟರ್ ಸರ್ವಿಸು. ಬಸ್ಸಿನಲ್ಲಿ ಕೂತೇ ಅರ್ಧ ಮುಗಿಸುತ್ತೇನೆ. ಎಷ್ಟು ಆರಾಮದ ಕೆಲಸ ಇಷ್ಟು ದಿನ ಇವರ ಹತ್ತಿರ ಇತ್ತು ಅಂತ ಹೊಟ್ಟೆಕಿಚ್ಚಾಯಿತು. ಸರ್ವಿಸಿಗೆ ಹೋದರೆ ಮೆಕ್ಯಾನಿಕ್ ಹುಡುಗ ಈಗಲೂ, "ಮೇಡಂ, ಸರ್‌ಗೆ ಒಂದ್ ಸಲ ಫೋನ್ ಮಾಡಿ ಕೇಳ್ಲಾ?" ಅನ್ನುತ್ತಾನೆ.

ನೆಂಟರು ಬಂದಾಗ ಮಾತ್ರ ನಮ್ಮ ವ್ಯವಸ್ಥೆ ಪೂರ್ತಿ ಕುಸಿದು ಬೀಳುತ್ತದೆ. ನಮ್ಮನೆಯವರು ಹಾಲ್‌ನಲ್ಲಿ ಮಾತಿಗೆ ಕೂತರೆ ಏಳುವುದಿಲ್ಲ, ನಾನು ಯಾರೂ ಹೇಳದೆ ಒಳಗೆ ಹೋಗಿರುತ್ತೇನೆ. ಇದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಬಚ್ಚಲು, ಕಕ್ಕಸು ತೊಳೆಯುವುದು ವಾರ ಬಿಟ್ಟು ವಾರ ಅಂತ ಮಾತಾಗಿದೆ, ಅವರ ವಾರ ಯಾಕೋ ನಿಧಾನವಾಗಿ ಬರುತ್ತದೆ. ಹಬ್ಬದ ಅಡುಗೆಯೂ ಇಲ್ಲಿವರೆಗೆ ನನ್ನದೇ. ಬರುವ ಯುಗಾದಿಗೆ ಬೇಳೆ ಬೇಯಿಸಿ ಹೂರಣ ರುಬ್ಬುವುದು ಅವರದು, ಹೋಳಿಗೆ ತಟ್ಟುವುದು ನನ್ನದು, ಬೇಯಿಸುವುದು ಮಗನದು ಅಂತ ಆಗಿದೆ. ಕಟ್ಟಿನ ಸಾರು ಯಾರದ್ದು ಅನ್ನುವುದು ತೀರ್ಮಾನ ಆಗಬೇಕು.