ಇನ್‌ಫ್ರಾರೆಡ್ ಸರ್ವೆ ಡೇಟಾದಲ್ಲಿ ಎಳೆ ನಕ್ಷತ್ರ ಹುಡುಕೋದು ಹೇಗೆ
ಸ್ವಂತ ಟೆಲಿಸ್ಕೋಪ್ ಇಲ್ದೇನೂ ಇದನ್ನ ಮಾಡಬಹುದು, ಡೇಟಾ ಎಲ್ಲ ಫ್ರೀ. ಎಳೆ ನಕ್ಷತ್ರದ ಸುತ್ತ ಧೂಳಿನ ತಟ್ಟೆ ಇರತ್ತೆ, ಆ ಧೂಳು ನಕ್ಷತ್ರದ ಬೆಳಕು ಹೀರ್ಕೊಂಡು ಬಿಸಿಯಾಗಿ ಇನ್‌ಫ್ರಾರೆಡ್‌ನಲ್ಲಿ ಹೊರಗೆ ಬಿಡತ್ತೆ, ಹಾಗಾಗಿ ಬರೀ ನಕ್ಷತ್ರ ಕೊಡಬೇಕಾದ್ದಕ್ಕಿಂತ ಜಾಸ್ತಿ ಇನ್‌ಫ್ರಾರೆಡ್ ಎಲ್ಲಿ ಕಾಣತ್ತೋ ಅದನ್ನೇ ನಾವು ಹುಡುಕೋದು.

ಮೊದಲು ವೃಷಭ ರಾಶಿಯ ಅಣುಮೋಡ (ನಕ್ಷತ್ರಗಳು ಹುಟ್ಟೋ ಅನಿಲ, ಧೂಳಿನ ತಣ್ಣನೆ ಮೋಡ) ತಗೊಳ್ಳಿ. ಸುಮಾರು 450 ಜ್ಯೋತಿರ್ವರ್ಷ ದೂರ ಅಷ್ಟೇ, ನಕ್ಷತ್ರಗಳೂ ಬಿಡಿಬಿಡಿಯಾಗಿವೆ. ಓರಿಯನ್ ಚೆಂದ ನಿಜ, ಆದ್ರೆ 1300 ಜ್ಯೋತಿರ್ವರ್ಷ ದೂರ, ಗುಂಪು ಜಾಸ್ತಿ, ಕಲಿಯೋಕೆ ಕಷ್ಟ.

ಇರ್ಸಾ ಆರ್ಕೈವ್‌ಗೆ (IRSA, ನಾಸಾದ ಇನ್‌ಫ್ರಾರೆಡ್ ಡೇಟಾ ಇರೋ ವೆಬ್‌ಸೈಟ್) ಹೋಗಿ ಆಲ್‌ವೈಸ್ (AllWISE) ಕ್ಯಾಟಲಾಗ್‌ನಲ್ಲಿ ನಿಮ್ಮ ಜಾಗ ಆರಿಸಿ ಟೇಬಲ್ ಇಳಿಸ್ಕೊಳ್ಳಿ. ಇನ್‌ಫ್ರಾರೆಡ್‌ನಲ್ಲಿ ಇಡೀ ಆಕಾಶ ಸರ್ವೆ ಮಾಡಿದ ವೈಸ್ ಉಪಗ್ರಹದ ನಾಲ್ಕು ಬ್ಯಾಂಡ್, ಅಂದ್ರೆ ನಾಲ್ಕು ತರಂಗಾಂತರ (3.4, 4.6, 12, 22 ಮೈಕ್ರಾನ್) ಜೊತೆ ಟೂಮಾಸ್ (2MASS) ಅನ್ನೋ ಇನ್ನೊಂದು ಸರ್ವೆಯ ಜೆ, ಎಚ್, ಕೆ ಬ್ಯಾಂಡ್ ಅಳತೆಗಳೂ ಅದರಲ್ಲೇ ಸೇರಿವೆ. ಟಾಪ್‌ಕ್ಯಾಟ್ (TOPCAT) ಅನ್ನೋ ಟೇಬಲ್ ಸಾಫ್ಟ್‌ವೇರ್‌ನಲ್ಲಿ ತೆರೆದು ಅಳತೆಯ ಕ್ವಾಲಿಟಿ ಎ ಅಥವಾ ಬಿ ಇರೋದನ್ನ ಮಾತ್ರ ಉಳಿಸ್ಕೊಳ್ಳಿ. ಆಮೇಲೆ ವೈಸ್‌ನ ಎರಡನೇ ಬ್ಯಾಂಡಿನ ಮ್ಯಾಗ್ನಿಟ್ಯೂಡಿಂದ (ಹೊಳಪಿನ ಅಳತೆ) ಮೂರನೇದನ್ನ ಕಳೆದು ಅಡ್ಡಕ್ಕೆ, ಒಂದನೇದ್ರಿಂದ ಎರಡನೇದನ್ನ ಕಳೆದು ಉದ್ದಕ್ಕೆ ಪ್ಲಾಟ್ ಮಾಡಿ. ಮಾಮೂಲಿ ನಕ್ಷತ್ರಗಳು ಸೊನ್ನೆ ಹತ್ರ ಗುಂಪಾಗಿರ್ತವೆ, ಅಡ್ಡಕ್ಕೆ 1.0, ಉದ್ದಕ್ಕೆ 0.25 ಎರಡನ್ನೂ ದಾಟಿದ್ದು ನಿಮ್ಮ ಕ್ಯಾಂಡಿಡೇಟ್‌ಗಳು.

ಇಲ್ಲಿಗೇ ಖುಷಿಯಾಗಿ ನಿಲ್ಲಿಸ್ಬೇಡಿ! ದೂರದ ಗ್ಯಾಲಕ್ಸಿಗಳೂ, ಧೂಳು ಉಗುಳೋ ಮುದಿ ದೈತ್ಯ ನಕ್ಷತ್ರಗಳೂ ಇದೇ ಬಣ್ಣ (ಬ್ಯಾಂಡ್‌ಗಳ ನಡುವಿನ ಈ ವ್ಯತ್ಯಾಸ) ತೋರಿಸ್ತವೆ. ನಕ್ಷತ್ರಗಳ ದೂರ, ಚಲನೆ ಅಳೆದ ಗಾಯಾ ಉಪಗ್ರಹದ ಡೇಟಾದ ಜೊತೆ ಮ್ಯಾಚ್ ಮಾಡಿ ಪ್ಯಾರಲಾಕ್ಸ್ (ದೂರ ತಿಳಿಸೋ ಕೋನದ ಅಳತೆ) ವೃಷಭದ ಮೋಡದ ದೂರಕ್ಕೆ ತಕ್ಕಂತೆ ಸುಮಾರು 7 ಮಿಲಿಆರ್ಕ್‌ಸೆಕೆಂಡ್ ಇದ್ಯಾ ನೋಡಿ, ಆದ್ರೆ ಗಾಯಾದಲ್ಲಿ ಇಲ್ಲ ಅಂತ ಯಾವುದನ್ನೂ ಕಿತ್ತಾಕ್ಬೇಡಿ, ಯಾಕಂದ್ರೆ ತೀರಾ ಎಳೇವು ಮೋಡದ ಆಳದಲ್ಲಿ ಹೂತಿರ್ತವೆ, ಗಾಯಾ ನೋಡ್ತಿದ್ದ ಬೆಳಕು ಅಲ್ಲಿಂದ ಹೊರಗೇ ಬರಲ್ಲ.

ಮತ್ತೆ, ಪ್ರತಿಯೊಂದರ ಇಮೇಜನ್ನೂ ಕಣ್ಣಾರೆ ನೋಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. 12 ಮತ್ತು 22 ಮೈಕ್ರಾನ್‌ನಲ್ಲಿ ಮೋಡವೇ ಹೊಳೀತಿರತ್ತೆ, ಸಾಫ್ಟ್‌ವೇರ್ ಆ ಹೊಳಪಿನ ತುಣುಕನ್ನೇ ನಕ್ಷತ್ರ ಅಂತ ಬರ್ಕೊಂಡಿರತ್ತೆ, ಇಮೇಜ್‌ನಲ್ಲಿ ನೋಡಿದ್ರೆ ಆ ಜಾಗದಲ್ಲಿ ಚುಕ್ಕೆನೇ ಇರಲ್ಲ. ಅಂಥದ್ದನ್ನ ಮುಲಾಜಿಲ್ದೆ ತೆಗೀರಿ. ಸ್ಪಿಟ್ಜರ್ ಅನ್ನೋ ಇನ್‌ಫ್ರಾರೆಡ್ ಬಾಹ್ಯಾಕಾಶ ಟೆಲಿಸ್ಕೋಪಿನ ಇಮೇಜ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದು ಹೆಚ್ಚು ಶಾರ್ಪ್.

ಉಳಿದಿದ್ದಕ್ಕೆ ವಯಸ್ಸಿನ ಹಂತ ಅಂದಾಜು ಮಾಡೋಣ. ಮ್ಯಾಗ್ನಿಟ್ಯೂಡ್‌ಗಳನ್ನ ಫ್ಲಕ್ಸ್‌ಗೆ (ನಮಗೆ ತಲುಪೋ ಬೆಳಕಿನ ಶಕ್ತಿ) ಬದಲಾಯಿಸಿ, ತರಂಗಾಂತರದಿಂದ ಗುಣಿಸಿದ ಫ್ಲಕ್ಸಿನ ಲಾಗ್ ಮತ್ತು ತರಂಗಾಂತರದ ಲಾಗ್ ಪ್ಲಾಟ್ ಮಾಡಿ, 2ರಿಂದ 22 ಮೈಕ್ರಾನ್‌ವರೆಗೆ ಗೆರೆ ಎಳೆದು ಇಳಿಜಾರು ಅಳೀರಿ (ಫ್ಲಕ್ಸ್ ಪ್ರತಿ ಮೈಕ್ರಾನ್ ಲೆಕ್ಕದ್ದಾಗಿರ್ಬೇಕು, ಆವರ್ತನದ ಲೆಕ್ಕದ ಜಾನ್ಸ್ಕಿ ಮಾನದಲ್ಲಿದ್ರೆ ಮೊದಲು ಬದಲಾಯಿಸಿ). 0.3ಕ್ಕಿಂತ ಜಾಸ್ತಿ ಬಂದ್ರೆ ಕ್ಲಾಸ್ 1, ಇನ್ನೂ ಹೊದಿಕೆಯೊಳಗಿರೋ ಕೂಸು. 0.3ರಿಂದ ಮೈನಸ್ 0.3 ಫ್ಲ್ಯಾಟ್ (ಕ್ಲಾಸ್ 1, 2ರ ನಡುವಿನದು), ಅಲ್ಲಿಂದ ಮೈನಸ್ 1.6ವರೆಗೆ ಕ್ಲಾಸ್ 2, ಅಂದ್ರೆ ತಟ್ಟೆ ಇರೋದು. ಅದಕ್ಕೂ ಕೆಳಗೆ ಕ್ಲಾಸ್ 3.

ಈ ಕ್ಲಾಸ್ 3 ನಕ್ಷತ್ರಗಳಿಗೆ ತಟ್ಟೆ ಹೆಚ್ಚುಕಮ್ಮಿ ಕರಗಿಹೋಗಿರತ್ತೆ, ಅದಕ್ಕೇ ಬಣ್ಣದ ಫಿಲ್ಟರ್‌ಗೆ ಬಹುಪಾಲು ಸಿಗೋದೇ ಇಲ್ಲ, ಅವನ್ನ ಹುಡುಕೋಕೆ ಎಕ್ಸ್-ರೇ ಡೇಟಾ, ಇಲ್ಲಾಂದ್ರೆ ಗಾಯಾದಲ್ಲಿ ಒಟ್ಟಿಗೆ ಚಲಿಸ್ತಿರೋ ಗುಂಪು ನೋಡ್ಬೇಕು.