ಕೆಆರ್‌ಎಸ್ ನೀರಿನ ಮಟ್ಟ: ಎರಡು ವರ್ಷ ಒಂದೇ ಗ್ರಾಫಿನಲ್ಲಿ

ಮಳೆಗಾಲದಲ್ಲಿ ಮಂಡ್ಯದವರು ಪತ್ರಿಕೆ ಬಿಡಿಸಿದರೆ ತಪ್ಪದೆ ನೋಡುವುದು ಕೆಆರ್‌ಎಸ್ ಜಲಾಶಯದ ಪುಟ್ಟ ಪಟ್ಟಿಯನ್ನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಒಂದು ದಿನದ ಅಂಕಿಯಿಂದ ಅವತ್ತಿನ ಸ್ಥಿತಿ ತಿಳಿಯುತ್ತದೆ, ಅಷ್ಟೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತ ನಾಟಿ ಮಾಡಬೇಕೋ, ರಾಗಿಗೆ ಹೋಗಬೇಕೋ ಎಂಬ ಚರ್ಚೆಗೆ ಬೇಕಾದದ್ದು ಹೋಲಿಕೆ: ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು? ಅದನ್ನು ತೋರಿಸುವ ಗ್ರಾಫನ್ನು ಗ್ನುಪ್ಲಾಟ್ ಎಂಬ ಉಚಿತ ತಂತ್ರಾಂಶದಲ್ಲಿ ನೀವೇ ಬರೆಯಬಹುದು. 1986ರಿಂದ ಬಳಕೆಯಲ್ಲಿರುವ ಇದಕ್ಕೆ ಮೌಸ್ ಬೇಕಿಲ್ಲ, ಆದೇಶಗಳನ್ನು ಟೈಪ್ ಮಾಡಿದರೆ ಸಾಕು. ಆದೇಶಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟರೆ, ಮುಂದಿನ ವರ್ಷ ತಾರೀಖು ಮಾತ್ರ ಬದಲಿಸಿ ಅದೇ ಗ್ರಾಫನ್ನು ಮತ್ತೆ ತೆಗೆಯಬಹುದು.

ಇಲ್ಲಿ ಆದೇಶಗಳನ್ನು ಉಚ್ಚಾರದಂತೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ.

ಉಬುಂಟುವಿನಲ್ಲಿ ‘ಸುಡೋ ಆಪ್ಟ್ ಇನ್‌ಸ್ಟಾಲ್ ಗ್ನುಪ್ಲಾಟ್’ ಎಂದರೆ ತಂತ್ರಾಂಶ ಬಂದು ಕೂರುತ್ತದೆ. ವಿಂಡೋಸಿಗೂ ಇನ್‌ಸ್ಟಾಲರ್ ಇದೆ.

ಅಂಕಿಗಳ ಕಡತ

ಎಕ್ಸೆಲ್‌ನಲ್ಲಿ ಐದು ಕಾಲಂ ಮಾಡಿ: ತಾರೀಖು, ಮಟ್ಟ (ಅಡಿ), ಒಳಹರಿವು (ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ), ಹೊರಹರಿವು (ಕ್ಯೂಸೆಕ್), ಸಂಗ್ರಹ (ಟಿಎಂಸಿ ಅಡಿ, ಅಂದರೆ ನೂರು ಕೋಟಿ ಘನ ಅಡಿ). ಮೊದಲ ಸಾಲಿನಲ್ಲಿ ಕಾಲಂ ಹೆಸರು ಇರಲಿ. 2023ರ ಜೂನ್ 1ರಿಂದ 2025ರ ಮೇ 31ರವರೆಗಿನ ಅಂಕಿ ತುಂಬಿ, ‘ಕೆಆರ್‌ಎಸ್.ಸಿಎಸ್‌ವಿ’ ಎಂದು ಉಳಿಸಿ. ಈ ಎರಡು ವರ್ಷಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯ ತುಂಬಲಿಲ್ಲ, 2024ರ ಜುಲೈನಲ್ಲಿ ಭರ್ತಿಯಾಯಿತು. ವ್ಯತ್ಯಾಸ ಎದ್ದು ಕಾಣುತ್ತದೆ.

ಉಳಿಸಿದ ಮೇಲೆ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ತಾರೀಖು ನೋಡಲೇಬೇಕು. ಕಂಪ್ಯೂಟರಿನಲ್ಲಿ ಅಮೆರಿಕದ ಪದ್ಧತಿ ಆಯ್ಕೆಯಾಗಿದ್ದರೆ ಎಕ್ಸೆಲ್ ತಿಂಗಳನ್ನು ಮುಂದೆ, ದಿನವನ್ನು ಹಿಂದೆ ಬರೆದಿರುತ್ತದೆ. ಜುಲೈ 6 ಆಗ ಜೂನ್ 7 ಆಗಿಬಿಡುತ್ತದೆ, ಗೆರೆ ಹಿಂದಕ್ಕೂ ಮುಂದಕ್ಕೂ ಅಂಕುಡೊಂಕಾಗಿ ಓಡುತ್ತದೆ. ಎಲ್ಲ ತಾರೀಖೂ 06-07-2024 ಎಂಬ ರೂಪದಲ್ಲೇ ಇರಲಿ, ಮೊದಲು ದಿನ, ಆಮೇಲೆ ತಿಂಗಳು.

ಅಂಕಿ ಸಿಗದ ದಿನಕ್ಕೆ ಸೊನ್ನೆ ಹಾಕಬೇಡಿ, ಗೆರೆ ನೆಲಕ್ಕೆ ಬಿದ್ದು ಮೇಲೇಳುತ್ತದೆ. ಆ ಜಾಗದಲ್ಲಿ ‘ಎನ್‌ಎಎನ್’ ಎಂಬ ಮೂರು ಅಕ್ಷರ ಹಾಕಿ (ಎರಡೂ ಎನ್ ದೊಡ್ಡದು, ಎ ಸಣ್ಣದು). ಗೆರೆ ಅಲ್ಲಿ ಕಡಿದು, ಮುಂದೆ ಮತ್ತೆ ಶುರುವಾಗುತ್ತದೆ. ಜಾಗ ಖಾಲಿ ಬಿಟ್ಟರೆ ಆಚೀಚೆಯ ದಿನಗಳನ್ನು ಸೇರಿಸಿ ಗೆರೆ ಎಳೆಯುತ್ತದೆ. ಅಂಕಿ ಇಲ್ಲ ಎನ್ನುವುದು ನೋಡುವವರಿಗೆ ಕಾಣಬೇಕು, ಹಾಗಾಗಿ ಕಡಿದ ಗೆರೆಯೇ ಸರಿ.

ಕಾಲದ ಅಕ್ಷ

ಈಗ ಆದೇಶದ ಕಡತ. ಮೊದಲ ಮೂರು ಸಾಲು:

ಸೆಟ್ ಡೇಟಾಫೈಲ್ ಸೆಪರೇಟರ್ ","
ಸೆಟ್ ಎಕ್ಸ್‌ಡೇಟಾ ಟೈಮ್
ಸೆಟ್ ಟೈಮ್‌ಎಫ್‌ಎಂಟಿ "%ಡಿ-%ಎಂ-%ವೈ"

ಮೂರನೆಯದರಲ್ಲಿ ಡಿ, ಎಂ ಸಣ್ಣದು, ವೈ ದೊಡ್ಡದು. ಇಲ್ಲಿ ಎಡವುವವರೇ ಹೆಚ್ಚು. ದೊಡ್ಡ ಎಂ ಎಂದರೆ ನಿಮಿಷ, ತಿಂಗಳಲ್ಲ. ಸಣ್ಣ ವೈ ಎರಡಂಕಿಯ ಇಸವಿಯನ್ನು ಓದುತ್ತದೆ, 2024 ಎಂಬುದರಲ್ಲಿ ಮೊದಲ 20 ಮಾತ್ರ ತೆಗೆದುಕೊಂಡು 2020ಕ್ಕೆ ಹೋಗುತ್ತದೆ. ಮೊದಲ ಸಾಲು ಮರೆತರೆ ಅಲ್ಪವಿರಾಮದಿಂದ ಕಾಲಂ ಬೇರ್ಪಡುವುದಿಲ್ಲ, ಅಂಕಿಯೇ ಇಲ್ಲವೆಂದು ದೂರುತ್ತದೆ.

ನಮ್ಮಲ್ಲಿ ನೀರಿನ ವರ್ಷ ಜೂನ್‌ನಿಂದ ಮೇವರೆಗೆ. ಜನವರಿಯಿಂದ ಗ್ರಾಫ್ ಶುರುಮಾಡಿದರೆ ಒಂದೇ ಮುಂಗಾರಿನ ನೀರು ಎರಡು ಚಿತ್ರಕ್ಕೆ ಹರಿದು ಹಂಚಿಹೋಗುತ್ತದೆ. ಆದ್ದರಿಂದ:

ಸೆಟ್ ಎಕ್ಸ್‌ರೇಂಜ್ ["01-06-2024":"31-05-2025"]

ತಿಂಗಳ ಗುರುತಿಗೆ 30 ದಿನದ ಅಂತರ, ಅಂದರೆ 25,92,000 ಸೆಕೆಂಡು, ಕೊಡುವುದು ಸುಲಭವೆನಿಸುತ್ತದೆ. ಆದರೆ ತಿಂಗಳುಗಳು ಸಮವಲ್ಲ, ವರ್ಷದ ಕೊನೆಗೆ ಗುರುತು ಐದು ದಿನ ಹಿಂದೆ ಬಿದ್ದಿರುತ್ತದೆ. ಒಂದೊಂದನ್ನೂ ಹೆಸರಿಟ್ಟು ಕೊಡಿ:

ಸೆಟ್ ಎಕ್ಸ್‌ಟಿಕ್ಸ್ ("ಜೂನ್" "01-06-2024", "ಜುಲೈ" "01-07-2024", "ಆಗಸ್ಟ್" "01-08-2024")

ಹೀಗೆ ಹನ್ನೆರಡೂ. ಸಾಲು ಉದ್ದವಾದರೆ ಬ್ಯಾಕ್‌ಸ್ಲ್ಯಾಶ್ ಹಾಕಿ ಮುಂದಿನ ಸಾಲಿಗೆ ಹೋಗಬಹುದು, ಆದರೆ ಅದರ ನಂತರ ಒಂದು ಖಾಲಿ ಸ್ಪೇಸ್ ಉಳಿದರೂ ಆದೇಶ ಮುರಿಯುತ್ತದೆ. ತಿಂಗಳ ಹೆಸರು ಕನ್ನಡದಲ್ಲೇ ಬರುವುದು ಈ ದಾರಿಯ ಇನ್ನೊಂದು ಲಾಭ.

ಒತ್ತಕ್ಷರ ಒಡೆಯದಂತೆ

ಸೆಟ್ ಎನ್‌ಕೋಡಿಂಗ್ ಯುಟಿಎಫ್8
ಸೆಟ್ ಟರ್ಮಿನಲ್ ಪಿಎನ್‌ಜಿಕೈರೋ ಸೈಜ್ 1200,600 ಫಾಂಟ್ "ನೋಟೋ ಸ್ಯಾನ್ಸ್ ಕನ್ನಡ,14"
ಸೆಟ್ ಔಟ್‌ಪುಟ್ "ಮಟ್ಟ.ಪಿಎನ್‌ಜಿ"

ಫಾಂಟ್ ಹೆಸರಿನ ಪದಗಳು ದೊಡ್ಡಕ್ಷರದಿಂದ ಶುರುವಾಗಲಿ. ಗ್ನುಪ್ಲಾಟಿನಲ್ಲಿ ಟರ್ಮಿನಲ್ ಎಂದರೆ ಚಿತ್ರ ಬರೆದುಕೊಡುವ ಭಾಗ. ಬರೀ ‘ಪಿಎನ್‌ಜಿ’ ಎಂಬ ಟರ್ಮಿನಲ್ಲೂ ಇದೆ, ಅದನ್ನು ಬಳಸಬೇಡಿ. ಅದಕ್ಕೆ ಅಕ್ಷರ ಕೂಡಿಸಲು ಬರುವುದಿಲ್ಲ. ‘ಮಟ್ಟ’ ಎಂಬಲ್ಲಿ ಒತ್ತು ಕೆಳಗೆ ಕೂರದೆ ಅಕ್ಷರ ಬಿಡಿಬಿಡಿಯಾಗುತ್ತದೆ. ಕೈರೋ ಹೆಸರಿನ ಟರ್ಮಿನಲ್‌ಗಳು ಒತ್ತಕ್ಷರವನ್ನು ಸರಿಯಾಗಿ ಕೂರಿಸುತ್ತವೆ. ಅಕ್ಷರದ ಬದಲು ಚೌಕ ಕಂಡರೆ ಕನ್ನಡ ಫಾಂಟೇ ಇಲ್ಲವೆಂದರ್ಥ. ಲಿನಕ್ಸ್‌ನಲ್ಲಿ ‘ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್’ ಎಂದು ಕೇಳಿದರೆ ಇರುವ ಕನ್ನಡ ಫಾಂಟುಗಳ ಪಟ್ಟಿ ಬರುತ್ತದೆ.

ಎತ್ತರದ ಅಕ್ಷ, ಗೆರೆಗಳು

ಸೆಟ್ ವೈರೇಂಜ್ [70:126]
ಸೆಟ್ ವೈಲೇಬಲ್ "ಅಡಿ"
ಸೆಟ್ ಗ್ರಿಡ್
ಸೆಟ್ ಕೀ ಬಾಟಮ್ ಸೆಂಟರ್

ಮೇಲಿನ ಮಿತಿ 126 ಇಟ್ಟದ್ದು 124.80ರ ಗೆರೆ ಚೌಕಟ್ಟಿಗೆ ಅಂಟದಿರಲಿ ಎಂದು. ವರ್ಷದ ನಡುವೆ ನೀರು ಎತ್ತರದಲ್ಲಿರುವುದರಿಂದ ಕೆಳಗೆ ಮಧ್ಯದ ಜಾಗ ಖಾಲಿ ಇರುತ್ತದೆ, ಗೆರೆಗಳ ವಿವರಣೆ ಅಲ್ಲಿ ಕೂರಲಿ. ಅಕ್ಷ ಸೊನ್ನೆಯಿಂದ ಶುರುವಾಗದಿದ್ದಾಗ ಗೆರೆಯ ಕೆಳಭಾಗಕ್ಕೆ ಬಣ್ಣ ತುಂಬಬಾರದು. ತುಂಬಿದರೆ 97 ಅಡಿ ನೀರು ಅರ್ಧ ಜಲಾಶಯದಂತೆ ಕಂಡು ದಾರಿ ತಪ್ಪಿಸುತ್ತದೆ.

ಕೊನೆಗೆ ಚಿತ್ರ ಬರೆಯುವ ಆದೇಶ:

ಪ್ಲಾಟ್ "ಕೆಆರ್‌ಎಸ್.ಸಿಎಸ್‌ವಿ" ಸ್ಕಿಪ್ 1 ಯೂಸಿಂಗ್ 1:2 ವಿತ್ ಲೈನ್ಸ್ ಲೈನ್‌ವಿಡ್ತ್ 3 ಟೈಟಲ್ "2024-25", \
"ಕೆಆರ್‌ಎಸ್.ಸಿಎಸ್‌ವಿ" ಸ್ಕಿಪ್ 1 ಯೂಸಿಂಗ್ (ಟೈಮ್‌ಕಾಲಂ(1,"%ಡಿ-%ಎಂ-%ವೈ")+31622400):2 ವಿತ್ ಲೈನ್ಸ್ ಲೈನ್‌ವಿಡ್ತ್ 2 ಟೈಟಲ್ "2023-24", \
124.8 ವಿತ್ ಲೈನ್ಸ್ ಡ್ಯಾಶ್‌ಟೈಪ್ 2 ಟೈಟಲ್ "ಗರಿಷ್ಠ ಮಟ್ಟ"

ಕಾಲದ ಅಕ್ಷವಿದ್ದಾಗ ‘ಯೂಸಿಂಗ್ 1:2’ ಬಿಡುವಂತಿಲ್ಲ, ಬಿಟ್ಟರೆ ಗ್ರಾಫ್ ಬರೆಯದೆ ನಿಲ್ಲುತ್ತದೆ. ಎರಡನೆಯ ಸಾಲು ಹಿಂದಿನ ವರ್ಷವನ್ನು ಮುಂದಕ್ಕೆ ತಳ್ಳಿ ಈ ವರ್ಷದ ಮೇಲೆ ಕೂರಿಸುತ್ತದೆ. ಆ ದೊಡ್ಡ ಅಂಕಿ 366 ದಿನಗಳ ಸೆಕೆಂಡುಗಳು. 365 ಯಾಕಲ್ಲ ಎಂದರೆ 2024ಕ್ಕೆ ಫೆಬ್ರುವರಿ 29 ಇತ್ತು, 365 ದಿನ ಕೂಡಿಸಿದರೆ 2023ರ ಜೂನ್ 1 ಹೋಗಿ ಮೇ 31ರ ಮೇಲೆ ಬೀಳುತ್ತದೆ. 366 ಕೂಡಿಸಿದರೆ ಫೆಬ್ರುವರಿ 28ರವರೆಗೆ ತಾರೀಖು ತಾರೀಖಿಗೆ ಸರಿಹೊಂದಿ, ಅನಂತರ ಒಂದು ದಿನ ಮುಂದೆ ಸರಿದಿರುತ್ತದೆ. ಬೇಸಿಗೆಯಲ್ಲಿ ಮಟ್ಟ ನಿಧಾನವಾಗಿ ಇಳಿಯುವುದರಿಂದ ಅದು ಕಣ್ಣಿಗೆ ಬೀಳದು. ಜುಲೈನಲ್ಲಿ ಒಂದು ದಿನದ ತಪ್ಪು ಹಲವು ಅಡಿಗಳ ತಪ್ಪಾಗಬಹುದು.

ಗೆರೆಯನ್ನು ನಯಮಾಡಲು ‘ಸ್ಮೂತ್ ಸಿಸ್‌ಪ್ಲೈನ್ಸ್’ ಎಂಬ ಆಯ್ಕೆ ಇದೆ. ಜಲಾಶಯಕ್ಕೆ ಅದು ಒಗ್ಗದು. ಬಿಂದುಗಳ ನಡುವೆ ಅದು ಉಬ್ಬುವುದರಿಂದ, ಭರ್ತಿಯಾದ ದಿನಗಳಲ್ಲಿ ನೀರು 124.80 ದಾಟಿದಂತೆ ತೋರಿಸಬಹುದು.

ಒಂದೊಂದೇ ಆದೇಶ ಕೊಡುತ್ತಿದ್ದರೆ ಕೊನೆಯಲ್ಲಿ ‘ಅನ್‌ಸೆಟ್ ಔಟ್‌ಪುಟ್’ ಎನ್ನಿ, ಇಲ್ಲವಾದರೆ ಚಿತ್ರದ ಕಡತ ಅರ್ಧಕ್ಕೇ ನಿಂತಿರುತ್ತದೆ.

ಅಡಿಯಿಂದ ಟಿಎಂಸಿಗೆ

ಅಡಿಯ ಗ್ರಾಫ್ ಒಂದನ್ನೇ ನಂಬಬೇಡಿ. ಜಲಾಶಯದ ತಳ ಕಿರಿದು, ಮೇಲೆ ಹೋದಂತೆ ಅಗಲ. 120ರಿಂದ 121ಕ್ಕೆ ಏರುವ ಅಡಿಯಲ್ಲಿರುವ ನೀರು 80ರಿಂದ 81ಕ್ಕೆ ಏರುವ ಅಡಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು. ನಾಲೆಗೆ ಎಷ್ಟು ದಿನ ನೀರು ಹರಿಯಬಹುದು ಎಂದು ಲೆಕ್ಕ ಹಾಕುವವರು ‘ಯೂಸಿಂಗ್ 1:5’ ಎಂದು ಬದಲಿಸಿ, ಹಿಂದಿನ ವರ್ಷದ ಸಾಲಿನಲ್ಲೂ ‘:2’ ಇರುವಲ್ಲಿ ‘:5’ ಮಾಡಿ, ವೈರೇಂಜ್ [0:50] ಇಟ್ಟು, 124.8ರ ಬದಲು 49.45 ಬರೆಯಲಿ. ಅದು ಜಲಾಶಯದ ಪೂರ್ಣ ಸಾಮರ್ಥ್ಯ, ಟಿಎಂಸಿ ಅಡಿಯಲ್ಲಿ. ಇಲ್ಲಿ ಅಕ್ಷ ಸೊನ್ನೆಯಿಂದ ಶುರುವಾಗುವುದರಿಂದ ಬಣ್ಣ ತುಂಬಿದರೂ ತಪ್ಪಿಲ್ಲ.

ಒಳಹರಿವನ್ನು ಮಟ್ಟದ ಜೊತೆ ಒಂದೇ ಚೌಕಟ್ಟಿಗೆ ತುರುಕದೆ ಬೇರೆ ಚಿತ್ರವಾಗಿ ಬರೆಯುವುದು ಮೇಲು. ಕೊಡಗಿನಲ್ಲಿ ಮಳೆ ಬಿದ್ದಾಗ ಅದು ಹತ್ತಾರು ಸಾವಿರ ಕ್ಯೂಸೆಕ್‌ಗೆ ಜಿಗಿದು, ಬೇಸಿಗೆಯಲ್ಲಿ ನೂರರ ಲೆಕ್ಕಕ್ಕೆ ಇಳಿಯುತ್ತದೆ. ‘ವಿತ್ ಇಂಪಲ್ಸಸ್’ ಎಂದರೆ ದಿನಕ್ಕೊಂದು ಕಡ್ಡಿಯಂತೆ ನಿಲ್ಲುತ್ತದೆ. ಜೂನ್‌ನಿಂದ ಒಟ್ಟು ಎಷ್ಟು ನೀರು ಬಂತೆಂಬುದಕ್ಕೆ:

ಪ್ಲಾಟ್ "ಕೆಆರ್‌ಎಸ್.ಸಿಎಸ್‌ವಿ" ಸ್ಕಿಪ್ 367 ಯೂಸಿಂಗ್ 1:($3*0.0000864) ಸ್ಮೂತ್ ಕ್ಯುಮುಲೇಟಿವ್ ವಿತ್ ಲೈನ್ಸ್

ಈ ಗ್ರಾಫ್ ಬರೆಯುವಾಗ ವೈರೇಂಜಿನ ಸಾಲನ್ನು ತೆಗೆದುಬಿಡಿ, ಒಟ್ಟು ಒಳಹರಿವು ಜಲಾಶಯದ ಸಾಮರ್ಥ್ಯವನ್ನು ಮೀರಬಹುದು. ‘ಸ್ಕಿಪ್’ ಅಂಕಿಯನ್ನೂ ಕಡತ ನೋಡಿ ಕೊಡಿ: 2024ರ ಜೂನ್ 1ಕ್ಕೆ ಮುಂಚಿನ ಎಲ್ಲ ಸಾಲು ಬಿಡಬೇಕು. ಹೆಸರಿನ ಸಾಲು ಒಂದು, ದಿನಗಳು 366, ಒಂದೂ ತಪ್ಪದೆ ಇದ್ದರೆ 367. 366 ಇಟ್ಟರೆ ಮೇ 31ರ ಒಳಹರಿವೂ ಒಳಗೆ ಸೇರುತ್ತದೆ. ಒಂದು ಕ್ಯೂಸೆಕ್ ಇಡೀ ದಿನ ಹರಿದರೆ 86,400 ಘನ ಅಡಿ, ಅದನ್ನು ನೂರು ಕೋಟಿಯಿಂದ ಭಾಗಿಸಿದರೆ ಆ ಸಣ್ಣ ದಶಮಾಂಶ. ಸುಮಾರು 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಒಟ್ಟು ಮಾಡುವಾಗ ಅಂಕಿ ಇಲ್ಲದ ದಿನ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಮೊತ್ತ ಕಡಿಮೆ ಬರುತ್ತದೆ. ಪ್ರವಾಹದ ವಾರದಲ್ಲಿ ಮೂರು ದಿನ ಬಿಟ್ಟುಹೋದರೂ ಹಲವು ಟಿಎಂಸಿ ಮಾಯ. ಗ್ರಂಥಾಲಯದ ಹಳೆಯ ಪತ್ರಿಕೆಗಳಿಂದ ಜುಲೈ, ಆಗಸ್ಟಿನ ಅಂಕಿಗಳನ್ನಾದರೂ ಪೂರ್ತಿ ತುಂಬಿಕೊಂಡ ಮೇಲೆಯೇ ಈ ಗ್ರಾಫಿಗೆ ಕೈ ಹಾಕಿ.