ಒಂದು ಮಗು, ಒಂದು ನೋಟ್‌ಬುಕ್: ಓದಿಸುವುದನ್ನು ಕಲಿಸಿದ ನನ್ನ ಅನುಭವ

ಡಿ.ಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಎರಡನೇ ವರ್ಷದವರನ್ನು ತಲಾ ಒಂದು ಮಗುವಿನ ಪಕ್ಕ ಕೂರಿಸಿ, ಟರ್ಮ್ ಮುಗಿಯುವವರೆಗೆ ಆ ಮಗು ಓದುವುದನ್ನು ಕೇಳಿಸಿ, ತಪ್ಪು ಬರೆಸಿ, ಆ ತಪ್ಪಿಗೆ ತಕ್ಕಂತೆ ಮರುದಿನದ ಹತ್ತು ನಿಮಿಷ ಕಲಿಸಲು ಹಚ್ಚುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ನಗದವರೇ ಕಡಿಮೆ. ಹಿರಿಯರೊಬ್ಬರು ನೇರವಾಗಿ ಕೇಳಿದರು: "ಸರ, ಇದು ಸಿಲೆಬಸ್ಸಿನ್ಯಾಗ ಎಲ್ಲೈತ್ರಿ? ಪಾಠ ಯೋಜನೆ ಬರಿಯೋರ್ ಯಾರು?" ಹಾವೇರಿ ಕಡೆಯ ಸಣ್ಣ ಕಾಲೇಜು ನಮ್ಮದು, ರಿಸಲ್ಟ್ ಬಿದ್ದರೆ ಅಡ್ಮಿಷನ್ ಬೀಳುತ್ತದೆ. ಅವರ ಭಯ ಸುಳ್ಳಲ್ಲ. ಮೂರು ಬ್ಯಾಚ್ ಹೊರಗೆ ಹೋದವು, ರಿಸಲ್ಟ್ ಬೀಳಲಿಲ್ಲ. ಅದೇ ಹಿರಿಯರು ಈ ಸಲ ಗಣಿತಕ್ಕೂ ಬೇಕೆಂದು ನಮ್ಮ ನೋಟ್‌ಬುಕ್ ಮಾದರಿ ಒಯ್ದಿದ್ದಾರೆ.

ಇದಕ್ಕೂ ಮೊದಲು ಕೈಸುಟ್ಟುಕೊಂಡದ್ದು ಬಹಳ. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ರಲ್ಲಿ ಓದು ಕಲಿಸುವ ಬಗ್ಗೆ ಹೇಳಿದ ಐದು ಅಂಶಗಳನ್ನು ಒಂದು ವರ್ಷ ಪೂರ್ತಿ ಪಾಠ ಮಾಡಿದೆ. ಪ್ರಶಿಕ್ಷಣಾರ್ಥಿಗಳು ಪರೀಕ್ಷೆಯಲ್ಲಿ ಚೆಂದ ಬರೆದರು, ಇಂಟರ್ನ್‌ಶಿಪ್‌ಗೆ ಹೋಗಿ ಅದೇ ಹಳೆಯ ಕಾಗುಣಿತ ಕೂಗಿಸಿದರು. ಮುಂದಿನ ವರ್ಷ ಧ್ವನಿ ಆಟಗಳನ್ನು ತಂದೆ. 'ಕಮಲ'ವನ್ನು ಕ-ಮ-ಲ ಎಂದು ಒಡೆಯಲು ಮಕ್ಕಳಿಗೆ ತಡವೇ ಆಗಲಿಲ್ಲ. ಕ್-ಅ-ಮ್-ಅ-ಲ್-ಅ ಎಂದು ಒಡೆಯಿರಿ ಅಂದರೆ ನಮ್ಮ ಮುಖ ನೋಡಿದರು. ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಮೇಲೆ ಮಾಡಿದ ಅಧ್ಯಯನ 2007ರಲ್ಲೇ ಇದನ್ನು ಹೇಳಿದೆ: ಬಿಡಿ ಧ್ವನಿಯ ಅರಿವು ನಿಧಾನಕ್ಕೆ ಬರುತ್ತದೆ, ಅಕ್ಷರ ಕಲಿಕೆಯೂ ಒಂದು-ಎರಡನೇ ತರಗತಿಗೆ ಮುಗಿಯುವುದಿಲ್ಲ. ಮೂರನೆಯ ಪ್ರಯತ್ನ ಟಿಎಲ್‌ಎಂ, ಅಂದರೆ ಕಲಿಸಲು ಬಳಸುವ ಸಾಮಗ್ರಿ. ಥರ್ಮಾಕೋಲ್, ಬಣ್ಣದ ಹಾಳೆ, ಮಿಂಚು ಎಲ್ಲ ಸೇರಿ 8-9 ಸಾವಿರ ರೂಪಾಯಿ. ವಸ್ತುಪ್ರದರ್ಶನದಲ್ಲಿ ಬಹುಮಾನ ಬಂತು, ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಇಲಿಗಳ ಪಾಲು.

ಈಗಿನ ಪದ್ಧತಿಗೆ ಬೇಕಾಗುವುದು ಒಂದು ನೋಟ್‌ಬುಕ್, ಜೆರಾಕ್ಸ್ ಮಾಡಿದ ಓದುವ ಹಾಳೆಗಳು, ಪ್ರಶಿಕ್ಷಣಾರ್ಥಿಗಳದೇ ಮೊಬೈಲ್. ತಲೆಗೆ 120-150 ರೂಪಾಯಿ. ದುಡ್ಡು ತಿನ್ನುವುದು ಶಾಲೆಗೆ ಹೋಗಿಬರುವ ಆಟೋ. ಮೊದಲ ವರ್ಷ ನನ್ನ ಜೇಬಿನಿಂದ ಆರೇಳು ಸಾವಿರ ಹೋಯಿತು, ಎರಡನೇ ವರ್ಷ ಮ್ಯಾನೇಜ್‌ಮೆಂಟ್ ಅರ್ಧ ಕೊಟ್ಟಿತು. ಮಕ್ಕಳು ಮೂರು-ನಾಲ್ಕನೇ ತರಗತಿಯವರು. ನಲಿ-ಕಲಿ (ಸರ್ಕಾರಿ ಶಾಲೆಯ ಮೊದಲ ತರಗತಿಗಳ ಚಟುವಟಿಕೆ ಪದ್ಧತಿ) ಅಕ್ಷರ ಕಲಿಸುವ ರ-ಗ-ಸ-ದ-ಅ ಕ್ರಮವನ್ನು ದಾಟಿ ಬಂದು ಒತ್ತಕ್ಷರದಲ್ಲಿ ನಿಂತವರನ್ನೇ ಆರಿಸುತ್ತೇವೆ.

ತಪ್ಪು ಬರೆಯುವುದೇ ಇದರ ಜೀವ. 'ಓದಲು ಬರುವುದಿಲ್ಲ' ಎಂದು ಬರೆದ ಪುಟವನ್ನು ನಾನು ಹರಿದು ಹಾಕುತ್ತೇನೆ. ಮಗುವಿನ ಬಾಯಿಂದ ಬಂದದ್ದು ಬಂದ ಹಾಗೇ ಬೇಕು. ಒಬ್ಬ ಹುಡುಗಿ ತನ್ನ ಪಾಲಿನ ಮಗು 'ಭಕ್ತಿ'ಯನ್ನು 'ಭಕಿತ' ಎಂದು ಓದಿದ್ದನ್ನು ಬರೆದುಕೊಂಡು ಬಂದಳು. ಮಗು ಕಂಡದ್ದನ್ನೇ ಓದಿದೆ! ಗುಣಿತದ ಗುರುತು ಮೇಲಿನ ಕ-ಗೆ ಅಂಟಿದೆ, ಉಚ್ಚಾರದಲ್ಲಿ ಅದು ಕೆಳಗಿನ ತ-ಗೆ ಸೇರುತ್ತದೆ. ಇದನ್ನು ಯಾರೂ ಅದಕ್ಕೆ ಬಿಡಿಸಿ ಹೇಳಿರಲಿಲ್ಲ. ಇನ್ನೊಂದು ಮಗು 'ಸೂರ್ಯ'ವನ್ನು 'ಸೂಯ್ರ' ಎಂದಿತು. ಅರ್ಕಾವತ್ತು ಯ-ದ ಬಲಕ್ಕೆ ಕೂತು, ಉಚ್ಚಾರದಲ್ಲಿ ಅದಕ್ಕಿಂತ ಮೊದಲು ಬರುವುದರ ಫಲ ಅದು. ಇಂಥ ನಾಲ್ಕು ತಪ್ಪು ಕೈಯಿಂದ ಬರೆದ ಮೇಲೆ ಪ್ರಶಿಕ್ಷಣಾರ್ಥಿ 'ಮಗು ದಡ್ಡ' ಅನ್ನುವುದು ನಿಲ್ಲುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ರೂಪವನ್ನು ಹೋಲುವುದಿಲ್ಲ, ಹಾಗಾಗಿ ಇವಕ್ಕೆ ಬೇರೆಯೇ ಪದಪಟ್ಟಿ ಮಾಡಿದ್ದೇನೆ. ಯಾವ ಒತ್ತಿನ ಹಿಂದೆ ಯಾವುದನ್ನು ಕಲಿಸಬೇಕು ಅನ್ನುವ ಕ್ರಮವನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ಎರಡು ವರ್ಷ ಅದಕ್ಕೇ ಹೋಗಿದೆ, ಬೇಕಾದವರು ನಮ್ಮಲ್ಲಿ ಬಂದು ಒಂದು ವಾರ ಕೂರಲಿ.

ನಡುವೆ ಒಂದು ತಮಾಷೆಯನ್ನೂ ಮಾಡಿದೆ. ಪ್ರಶಿಕ್ಷಣಾರ್ಥಿಗಳಿಗೆ ಮಲಯಾಳದ ಹತ್ತು-ಹನ್ನೆರಡು ಅಕ್ಷರ ಕಲಿಸಿ, ಮೂರನೇ ದಿನ ಎರಡು ಸಾಲು ಗಟ್ಟಿಯಾಗಿ ಓದಿಸಿದೆ. ಅಲ್ಲಿ ಎ-ಕಾರದ ಗುರುತು ಅಕ್ಷರದ ಎಡಕ್ಕೆ ಬರುತ್ತದೆ. ಎಲ್ಲರೂ ಅಲ್ಲೇ ಮುಗ್ಗರಿಸಿದರು. ಒಬ್ಬ ಬೆವರು ಒರೆಸಿಕೊಂಡು, "ಸರ, ನಮ್ ಹುಡುಗ ದಿನಾ ಹಿಂಗ ಒದ್ದಾಡ್ತಾನೇನ್ರಿ?" ಅಂದ. ಸಿದ್ಧಾಂತದ ಅರ್ಧ ಪೇಪರನ್ನು ಆ ಒಂದು ತಾಸು ಹೇಳಿತು.

ವೇಗ ಅಳೆಯುವಲ್ಲೂ ಜಗಳವಾಯಿತು. ಚಿಕ್ಕ ಮಕ್ಕಳ ಓದು-ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್‌ನಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದದ ಗುರಿ ಇದೆ. ಕನ್ನಡದಲ್ಲಿ ಪದ ಎಣಿಸಿದರೆ ಲೆಕ್ಕ ತಪ್ಪುತ್ತದೆ. 'ನಾನು ಮನೆಗೆ ಬಂದೆ' ಮೂರು ಪದ, 7 ಅಕ್ಷರ. 'ಮನೆಯಲ್ಲಿದ್ದವರೆಲ್ಲರೂ' ಒಂದೇ ಪದ, 9 ಅಕ್ಷರ. ನಾವು ನಿಮಿಷಕ್ಕೆ ಸರಿಯಾಗಿ ಓದಿದ ಅಕ್ಷರಗಳನ್ನು ಎಣಿಸುತ್ತೇವೆ, ಮೇಲಿನವರಿಗೆ ಕಳಿಸುವ ನಮೂನೆಯಲ್ಲಿ ಪದ ಬರೆಯುತ್ತೇವೆ. ವೇಗದ ಹಿಂದೆಯೇ ಬಿದ್ದರೂ ಕಷ್ಟ. ತಾಂಡಾದಿಂದ ಬರುವ ಲಂಬಾಣಿ ಮನೆಮಾತಿನ ಇಬ್ಬರು ಮಕ್ಕಳು ಗಡಗಡ ಓದಿದರು, ಏನಾಯಿತು ಅಂದರೆ ಸುಮ್ಮನೆ ನಿಂತರು. ಅವರಿಗೆ ಮೊದಲು ಕಥೆಯನ್ನು ಅವರ ಮಾತಿನಲ್ಲಿ ಹೇಳಿಸಿ, ಆಮೇಲೆ ಕನ್ನಡದ ಹಾಳೆ ಕೊಡಬೇಕಾಯಿತು. ಲಂಬಾಣಿ ಬಲ್ಲ ಪ್ರಶಿಕ್ಷಣಾರ್ಥಿ ನಮ್ಮಲ್ಲಿ ಇದ್ದದ್ದೇ ಪುಣ್ಯ.

ಕಳೆದ ಬ್ಯಾಚಿನಲ್ಲಿ ಮೂವತ್ತು ಚಿಲ್ಲರೆ ಮಕ್ಕಳು. ಅಸರ್ ಸಮೀಕ್ಷೆಯವರು ಮಕ್ಕಳ ಓದಿನ ಮಟ್ಟ ನೋಡಲು ಬಳಸುವ ಹಾಳೆ ಇಟ್ಟು ನೋಡಿದರೆ ಶುರುವಿನಲ್ಲಿ ಬಹುಪಾಲು ಬಿಡಿ ಪದದ ಮಟ್ಟದವರು. ಟರ್ಮ್ ಕೊನೆಗೆ ಮೂರರಲ್ಲಿ ಎರಡು ಪಾಲು ಎರಡನೇ ತರಗತಿ ಮಟ್ಟದ ಕಥೆ ಓದಿದರು. ಐದಾರು ಮಕ್ಕಳು ಕದಲಲಿಲ್ಲ. ಅವರಲ್ಲಿ ಇಬ್ಬರಿಗೆ ಬೇಕಾಗಿದ್ದದ್ದು ಕನ್ನಡಕ. ಈಗ ಮೊದಲ ವಾರವೇ ಕಣ್ಣಿನ ತಪಾಸಣೆ ಮಾಡಿಸುತ್ತೇವೆ.

ಪಾಠ ಯೋಜನೆಯನ್ನು ಬಿಟ್ಟಿಲ್ಲ, ಇಲಾಖೆ ಕೇಳಿದಷ್ಟು ಬರೆಸುತ್ತೇನೆ. ಆದರೆ ಆಂತರಿಕ ಅಂಕದಲ್ಲಿ ನನ್ನ ಕೈಯಲ್ಲಿರುವ ಪಾಲು ತಪ್ಪಿನ ನೋಟ್‌ಬುಕ್ಕಿಗೇ. ಮುಂದಿನ ವರ್ಷ ಉರ್ದು ಶಾಲೆಯೊಂದರಲ್ಲೂ ಮಾಡಿ ಎಂದು ಕೇಳಿದ್ದಾರೆ. ನನಗೆ ಉರ್ದು ಓದಲು ಬರುವುದಿಲ್ಲ. ಬಲ್ಲ ಉಪನ್ಯಾಸಕರು ಯಾರಾದರೂ ಜೊತೆಯಾದರೆ ಹಾಳೆ ತಯಾರಿ ಜೂನ್‌ಗೆ ಮೊದಲೇ ಶುರುಮಾಡಬಹುದು. ಆಟೋ ಖರ್ಚು ಮಾತ್ರ ಅವರವರದೇ.